ಊರು ಒಂದು, ಕೌಂಟಿ ಎರಡು: ಫ್ರಿಸ್ಕೋದ ವಿಚ್ಛೇದನ ಮತ್ತು ಮಕ್ಕಳ ಕೇಸುಗಳ ದಾಖಲೆ ಪಡೆಯುವುದು ಹೇಗೆ

ಟೆಕ್ಸಾಸ್‌ನ ಫ್ರಿಸ್ಕೋದಲ್ಲಿದ್ದಾಗ ವಿಚ್ಛೇದನ ಪಡೆದವರು ಕೆಲವು ವರ್ಷಗಳಾದ ಮೇಲೆ ಕೋರ್ಟ್ ಆದೇಶದ ಪ್ರತಿ ಬೇಕಾದಾಗ ‘ಫ್ರಿಸ್ಕೋ ಫ್ಯಾಮಿಲಿ ಕೋರ್ಟ್’ ಎಂದು ಹುಡುಕಲು ಕೂರುತ್ತಾರೆ. ಆ ಹೆಸರಿನ ಕೋರ್ಟೇ ಇಲ್ಲ. ಊರಿನ ಮುನಿಸಿಪಲ್ ಕೋರ್ಟಿನಲ್ಲಿ ನಡೆಯುವುದು ಟ್ರಾಫಿಕ್ ಟಿಕೆಟ್ ಮತ್ತು ಸಣ್ಣಪುಟ್ಟ ದಂಡದ ಕೇಸುಗಳು. ಗಂಡ-ಹೆಂಡತಿ ಮತ್ತು ಮಕ್ಕಳಿಗೆ ಸಂಬಂಧಿಸಿದ ವ್ಯಾಜ್ಯಗಳನ್ನು ನೋಡುವುದು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಡಿಸ್ಟ್ರಿಕ್ಟ್ ಕೋರ್ಟುಗಳು. ಫ್ರಿಸ್ಕೋ ಎರಡು ಕೌಂಟಿಗಳ ಗಡಿಯ ಮೇಲೆ ಹರಡಿಕೊಂಡಿರುವ ಊರು. ಪೂರ್ವದ ಭಾಗ ಕಾಲಿನ್ ಕೌಂಟಿಗೆ ಸೇರಿದೆ, ಪಶ್ಚಿಮದ ಭಾಗ ಡೆಂಟನ್ ಕೌಂಟಿಗೆ. ಒಂದರ ಕಡತ ಇನ್ನೊಂದರ ಕಚೇರಿಯಲ್ಲಿ ಸಿಗುವುದಿಲ್ಲ.

ಹಾಗಾಗಿ ಕಾಲಿನ್ ಕಚೇರಿಯವರು ‘ಅಂಥ ಕೇಸ್ ನಮ್ಮಲ್ಲಿಲ್ಲ’ ಎಂದು ಬರೆದರೆ ಗಾಬರಿಯಾಗಬೇಡಿ. ಫೈಲ್ ಕಳೆದುಹೋಗಿದೆ ಎಂದೋ, ಅಂದಿನ ವಕೀಲರು ಮೋಸ ಮಾಡಿದ್ದಾರೆ ಎಂದೋ ಅದರ ಅರ್ಥವಲ್ಲ. ಕಾಲಿನ್‌ನಲ್ಲಿ ಇಲ್ಲ, ಅಷ್ಟೇ. ಡೆಂಟನ್‌ನಲ್ಲಿ ಇನ್ನೂ ಹುಡುಕಬೇಕಿದೆ.

1990ರ ಜನಗಣತಿಯಲ್ಲಿ ಫ್ರಿಸ್ಕೋದ ಜನಸಂಖ್ಯೆ 6,138. 2020ರಲ್ಲಿ ಅದು 2,00,509. ಹೀಗೆ ಹೆಚ್ಚಿದ ಜನರಲ್ಲಿ ಭಾರತದಿಂದ ಬಂದವರು ಬಹಳ, ಕನ್ನಡದ ಕುಟುಂಬಗಳೂ ಸಾಕಷ್ಟಿವೆ. ಮದುವೆ ಬೆಂಗಳೂರಿನಲ್ಲೋ ಹಾಸನದಲ್ಲೋ ಆಗಿರುತ್ತದೆ, ಮುರಿದದ್ದು ಟೆಕ್ಸಾಸ್‌ನಲ್ಲಿ. ಆಮೇಲೆ ಒಬ್ಬರು ಊರಿಗೆ ಮರಳಿರುತ್ತಾರೆ. ಮರುಮದುವೆಗೆ, ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲು, ಮಗುವಿನ ಪಾಸ್‌ಪೋರ್ಟಿಗೆ, ಗ್ರೀನ್ ಕಾರ್ಡ್ ಅರ್ಜಿಗೆ, ಊರಿನ ಆಸ್ತಿ ವಿಭಾಗಕ್ಕೆ ಎಲ್ಲಕ್ಕೂ ಆ ಆದೇಶದ ಪ್ರತಿ ಬೇಕು. ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಇರುವವರು ಅವರೇ. ಕಡತದ ಗುಟ್ಟು ಗೊತ್ತಿದ್ದರೆ ಕೂತಲ್ಲೇ ಮುಗಿಯುವ ಕೆಲಸಕ್ಕೆ ಅವರು ಹಳೆಯ ಸಂಗಾತಿಗೆ ಫೋನ್ ಮಾಡಿ ಬೇಡಿಕೊಳ್ಳಬೇಕಾದ ಸ್ಥಿತಿ ಬರಬಾರದು.

ಮೊದಲು: ನಿಮಗೆ ಬೇಕಾಗಿರುವುದು ಯಾವ ಕಾಗದ?

‘ಡಿವೋರ್ಸ್ ಪೇಪರ್’ ಎಂದು ನಾವು ಕರೆಯುವುದು ಬೇರೆಬೇರೆ ಕಾಗದಗಳನ್ನು. ಅವು ಸಿಗುವ ಜಾಗವೂ ಬೇರೆ.

ವಿಚ್ಛೇದನದ ಅಂತಿಮ ಆದೇಶಕ್ಕೆ ಟೆಕ್ಸಾಸ್‌ನಲ್ಲಿ ‘ಫೈನಲ್ ಡಿಕ್ರಿ ಆಫ್ ಡಿವೋರ್ಸ್’ ಎನ್ನುತ್ತಾರೆ. ಇದನ್ನು ಇಟ್ಟುಕೊಂಡಿರುವವರು ಕೇಸು ನಡೆದ ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕ್. ಮಕ್ಕಳ ಕಸ್ಟಡಿ, ಭೇಟಿಯ ಸಮಯ, ಜೀವನಾಂಶ, ಪಿತೃತ್ವ ಇವುಗಳ ಆದೇಶಗಳೂ ಅಲ್ಲೇ ಇರುತ್ತವೆ.

ಮದುವೆಯ ಲೈಸೆನ್ಸ್ ಇರುವುದು ಕೌಂಟಿ ಕ್ಲರ್ಕ್ ಬಳಿ. ಹೆಸರು ಒಂದೇ ಥರ ಕೇಳಿಸಿದರೂ ಕೌಂಟಿ ಕ್ಲರ್ಕ್ ಬೇರೆ, ಡಿಸ್ಟ್ರಿಕ್ಟ್ ಕ್ಲರ್ಕ್ ಬೇರೆ. ಇಬ್ಬರೂ ಬೇರೆಬೇರೆಯಾಗಿ ಚುನಾಯಿತರಾಗುವ ಅಧಿಕಾರಿಗಳು. ಗಾರ್ಡಿಯನ್‌ಶಿಪ್ ಮತ್ತು ವಿಲ್ ಕೇಸುಗಳ ಕಡತವೂ ಕೌಂಟಿ ಕ್ಲರ್ಕ್ ಕಡೆಗೇ ಸೇರುತ್ತದೆ. ಟೆಕ್ಸಾಸ್‌ನ 254 ಕೌಂಟಿಗಳಲ್ಲಿ ಯಾವುದರಲ್ಲಿ ಬೇಕಾದರೂ ಮದುವೆ ಲೈಸೆನ್ಸ್ ಪಡೆಯಬಹುದು, ದಾಖಲೆ ಉಳಿಯುವುದು ಲೈಸೆನ್ಸ್ ಕೊಟ್ಟ ಕೌಂಟಿಯಲ್ಲಿ. ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದರೂ ಲೈಸೆನ್ಸ್ ಡಾಲಸ್ ಕೌಂಟಿಯದಾಗಿದ್ದರೆ ದಾಖಲೆ ಡಾಲಸ್‌ನಲ್ಲೇ ಇರುತ್ತದೆ. ಮದುವೆ ಭಾರತದಲ್ಲಿ ಆಗಿದ್ದರೆ ಟೆಕ್ಸಾಸ್‌ನಲ್ಲಿ ಅದರ ನೋಂದಣಿಯನ್ನು ಹುಡುಕಬೇಡಿ. ಅದಕ್ಕೆ ಊರಿನ ಉಪನೋಂದಣಾಧಿಕಾರಿ ಕಚೇರಿಯೇ ಗತಿ.

ಕೋರ್ಟಿನಲ್ಲಿ ಯಾರು ಏನು ಹೇಳಿದರು ಎಂಬ ಮಾತುಮಾತಿನ ವರದಿ ಬೇಕಿದ್ದರೆ ಅದು ಕ್ಲರ್ಕ್ ಬಳಿ ಇರುವುದಿಲ್ಲ, ಆ ಕೋರ್ಟಿನ ರಿಪೋರ್ಟರ್ ಬಳಿ ಇರುತ್ತದೆ. ಕಾನೂನು ಪ್ರಕಾರ ಅವರು ತಮ್ಮ ಟಿಪ್ಪಣಿಗಳನ್ನು 3 ವರ್ಷ ಕಾಪಾಡಬೇಕು. ಆಮೇಲೆ ಸಿಗುತ್ತದೆ ಎಂದು ನಂಬಿಕೊಂಡಿರಬೇಡಿ.

ಜೀವನಾಂಶದ ಹಣ ಯಾವ ತಿಂಗಳು ಬಂತು, ಯಾವ ತಿಂಗಳು ಬರಲಿಲ್ಲ ಎಂಬ ಲೆಕ್ಕ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಚೈಲ್ಡ್ ಸಪೋರ್ಟ್ ವಿಭಾಗದಲ್ಲಿ ದೊರೆಯುತ್ತದೆ. ಆದೇಶದ ಪ್ರತಿಗೆ ಮಾತ್ರ ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಗೇ ಹೋಗಬೇಕು.

ಯಾವ ಕೌಂಟಿ? ಇಂದಿನ ವಿಳಾಸ ನೋಡಬೇಡಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿ.

ಟೆಕ್ಸಾಸ್‌ನಲ್ಲಿ ವಿಚ್ಛೇದನದ ಅರ್ಜಿ ಹಾಕಲು ಗಂಡ-ಹೆಂಡತಿಯಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು, ಅರ್ಜಿ ಹಾಕುವ ಕೌಂಟಿಯಲ್ಲಿ ಹಿಂದಿನ 90 ದಿನ ವಾಸವಿರಬೇಕು. ಹಾಗಾಗಿ ನೀವು ಈಗ ಎಲ್ಲಿದ್ದೀರಿ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಡಿಕ್ರಿಗೆ ಜಡ್ಜ್ ಸಹಿ ಹಾಕಿದ ದಿನ ಎಲ್ಲಿದ್ದಿರಿ ಎನ್ನುವುದೂ ಬರುವುದಿಲ್ಲ. ಅರ್ಜಿ ಬಿದ್ದ ದಿನ ಮತ್ತು ಅದರ ಹಿಂದಿನ ಮೂರು ತಿಂಗಳು ನಿಮ್ಮಿಬ್ಬರಲ್ಲಿ ಯಾರು ಎಲ್ಲಿದ್ದರು ಎಂಬುದನ್ನು ನೆನಪಿಸಿಕೊಳ್ಳಿ. ಅರ್ಜಿ ಬಿದ್ದ ಮೇಲೆ ಸಾಮಾನ್ಯವಾಗಿ ಕನಿಷ್ಠ 60 ದಿನ ಕಾಯಬೇಕೆಂಬ ನಿಯಮವಿದೆ, ತಕರಾರಿನ ಕೇಸು ವರ್ಷಗಟ್ಟಲೆ ಎಳೆಯುವುದೂ ಉಂಟು. ಆ ನಡುವೆ ಒಬ್ಬರು ಬಾಡಿಗೆ ಮನೆ ಹಿಡಿದು ಊರಿನ ಇನ್ನೊಂದು ಬದಿಗೆ ಹೋಗಿರುವುದು ಸಾಮಾನ್ಯ.

ಒಂದು ಹಾಳೆಯಲ್ಲಿ ಇಬ್ಬರ ಆಗಿನ ವಿಳಾಸಗಳನ್ನೂ ಬರೆದುಕೊಳ್ಳಿ. ಗಂಡ ಫ್ರಿಸ್ಕೋದ ಡೆಂಟನ್ ಬದಿಯಲ್ಲಿ, ಹೆಂಡತಿ ಕಾಲಿನ್ ಕೌಂಟಿಯ ಪ್ಲೇನೋದಲ್ಲಿ ಗೆಳತಿಯ ಮನೆಯಲ್ಲಿ ಇದ್ದರೆ ಎರಡೂ ಕೌಂಟಿಯಲ್ಲಿ ನೋಡಬೇಕು. ಒಬ್ಬರು ಕೆಲಸದ ಸಲುವಾಗಿ ಅರ್ವಿಂಗ್‌ಗೆ ಹೋಗಿದ್ದರೆ ಡಾಲಸ್ ಕೌಂಟಿಯೂ ಪಟ್ಟಿಗೆ ಸೇರುತ್ತದೆ.

ಇನ್ನು ವಿಳಾಸದಿಂದ ಕೌಂಟಿ ಕಂಡುಹಿಡಿಯುವುದು. ಅಂಚೆ ವಿಳಾಸದಲ್ಲಿ ‘ಫ್ರಿಸ್ಕೋ’ ಎಂದಷ್ಟೇ ಇರುತ್ತದೆ, ಕೌಂಟಿ ಬರೆಯುವ ಪದ್ಧತಿ ಇಲ್ಲ. ಜಿಪ್ ಕೋಡ್ ನಂಬುವುದೂ ಕಷ್ಟ; 75034 ಎರಡೂ ಕೌಂಟಿಗಳಲ್ಲಿ ಹರಡಿದೆ. ಮಕ್ಕಳ ಶಾಲೆಯಿಂದ ಊಹಿಸುವುದಂತೂ ಬೇಡ, ಫ್ರಿಸ್ಕೋ ಐಎಸ್‌ಡಿ (ಊರಿನ ಶಾಲಾ ಜಿಲ್ಲೆ) ಗಡಿಯ ಎರಡೂ ಕಡೆ ಶಾಲೆ ನಡೆಸುತ್ತದೆ. ನಂಬಬಹುದಾದ ಆಧಾರ ಆಸ್ತಿ ತೆರಿಗೆ. ಸ್ವಂತ ಮನೆಯಿದ್ದವರು ಆ ವರ್ಷದ ತೆರಿಗೆ ಬಿಲ್ಲನ್ನು ತೆಗೆದು ನೋಡಿದರೆ ಕೌಂಟಿಯ ಹೆಸರು ಅಲ್ಲೇ ಇರುತ್ತದೆ. ಬಾಡಿಗೆಗಿದ್ದವರು ಅಪಾರ್ಟ್‌ಮೆಂಟಿನ ರಸ್ತೆ ವಿಳಾಸವನ್ನು ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಕಚೇರಿಗಳಾದ ಕಾಲಿನ್ ಸೆಂಟ್ರಲ್ ಅಪ್ರೈಸಲ್ ಡಿಸ್ಟ್ರಿಕ್ಟ್ ಮತ್ತು ಡೆಂಟನ್ ಸೆಂಟ್ರಲ್ ಅಪ್ರೈಸಲ್ ಡಿಸ್ಟ್ರಿಕ್ಟ್ ಎರಡರ ಜಾಲತಾಣದಲ್ಲೂ ಹಾಕಿ ನೋಡಲಿ. ಯಾವುದರಲ್ಲಿ ಆ ಕಟ್ಟಡ ಸಿಗುತ್ತದೋ ಅದೇ ಕೌಂಟಿ.

ಹೆಸರುಗಳ ಗೋಜಲಿನ ಬಗ್ಗೆಯೂ ಎಚ್ಚರಿಸಬೇಕು. ಕಾಲಿನ್ ಕೌಂಟಿಯ ಕೇಂದ್ರ ಸ್ಥಳ ಮೆಕಿನ್ನಿ ಎಂಬ ಊರು. ಟೆಕ್ಸಾಸ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬನಾದ ಕಾಲಿನ್ ಮೆಕಿನ್ನಿಯ ಮೊದಲ ಹೆಸರು ಕೌಂಟಿಗೆ, ಎರಡನೆಯದು ಊರಿಗೆ ಬಂದಿದೆ. ಅಲ್ಲಿನ ಕೋರ್ಟ್ ಕಟ್ಟಡ ಇರುವುದು 2100 ಬ್ಲೂಮ್‌ಡೇಲ್ ರಸ್ತೆಯಲ್ಲಿ. ಡೆಂಟನ್ ಕೌಂಟಿಯ ಕೋರ್ಟ್ ಕಟ್ಟಡ ಡೆಂಟನ್ ಊರಿನಲ್ಲಿದೆ, ಆದರೆ ಅದರ ರಸ್ತೆಯ ಹೆಸರು ಈಸ್ಟ್ ಮೆಕಿನ್ನಿ ಸ್ಟ್ರೀಟ್, ಕಟ್ಟಡದ ಸಂಖ್ಯೆ 1450. ‘ಕೇಸು ಮೆಕಿನ್ನಿಯಲ್ಲಿ ನಡೆದಿತ್ತು’ ಎಂಬ ನೆನಪು ಊರಿನದೋ ರಸ್ತೆಯದೋ ಎಂದು ಇನ್ನೊಮ್ಮೆ ಕೇಳಿಕೊಳ್ಳಿ.

ಹಳೆಯ ಒಂದೇ ಹಾಳೆ ಸಿಕ್ಕರೂ ಸಾಕು

ವಕೀಲರ ಹಳೆಯ ಇಮೇಲ್, ಕೋರ್ಟಿನಿಂದ ಬಂದ ನೋಟಿಸ್, ಜೀವನಾಂಶದ ಪತ್ರ, ಯಾವುದಾದರೂ ಆಗಲಿ, ಹುಡುಕಿ ತೆಗೆಯಿರಿ. ಟೆಕ್ಸಾಸ್ ಕೋರ್ಟಿನ ಕಾಗದದ ತಲೆಭಾಗಕ್ಕೆ ಒಂದು ನಿಶ್ಚಿತ ರೂಪವಿದೆ. ಎಲ್ಲಕ್ಕಿಂತ ಮೇಲೆ ‘ಕಾಸ್ ನಂಬರ್’, ಅಂದರೆ ಕೇಸ್ ಸಂಖ್ಯೆ. ಅದರ ಕೆಳಗೆ ಎಡಕ್ಕೆ ‘ಇನ್ ದ ಮ್ಯಾಟರ್ ಆಫ್ ದ ಮ್ಯಾರೇಜ್ ಆಫ್’ ಎಂದು ಶುರುವಾಗಿ ಇಬ್ಬರ ಹೆಸರು. ಮಕ್ಕಳಿದ್ದರೆ ‘ಇನ್ ದ ಇಂಟರೆಸ್ಟ್ ಆಫ್’ ಎಂದು ಅವರ ಉಲ್ಲೇಖ. ನಡುವೆ ಮೇಲಿಂದ ಕೆಳಕ್ಕೆ ಸೆಕ್ಷನ್ ಚಿಹ್ನೆಗಳ ಒಂದು ಸಾಲು ಗೋಡೆಯಂತೆ ನಿಂತಿರುತ್ತದೆ. ಅದರ ಬಲಕ್ಕೆ ಕೋರ್ಟಿನ ಸಂಖ್ಯೆ, ಕೊನೆಯಲ್ಲಿ ಕೌಂಟಿಯ ಹೆಸರು. ಆ ಬಲಗಡೆಯ ಕೊನೆಯ ಸಾಲನ್ನು ಓದಿದರೆ ಹಿಂದಿನ ಹಂತದ ಹುಡುಕಾಟವೇ ಬೇಡ.

ಕಾಗದ ಹರಿದು ಸಂಖ್ಯೆ ಮಾತ್ರ ಉಳಿದಿದ್ದರೂ ದಾರಿಯಿದೆ. ಕಾಲಿನ್ ಕೌಂಟಿಯವರು ಕೋರ್ಟಿನ ಸಂಖ್ಯೆಯನ್ನು ಮೊದಲು, ವರ್ಷವನ್ನು ಕೊನೆಗೆ ಬರೆಯುತ್ತಾರೆ. 468-00000-2019 ಎಂಬ ಮಾದರಿಯಲ್ಲಿದ್ದರೆ ಅದು 468ನೇ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ 2019ರಲ್ಲಿ ಬಿದ್ದ ಕೇಸು. ಡೆಂಟನ್‌ನವರದು ಇದಕ್ಕೆ ತಲೆಕೆಳಗು: ವರ್ಷದ ಎರಡು ಅಂಕಿ ಮೊದಲು, ಕೋರ್ಟಿನ ಸಂಖ್ಯೆ ಕೊನೆಗೆ. 19-0000-431 ಎಂಬ ಥರ ಇದ್ದರೆ 2019ರ ಕೇಸು, 431ನೇ ಕೋರ್ಟು. ಸಂಖ್ಯೆಯ ಜೋಡಣೆ ನೋಡಿದರೇ ಕಡತ ಯಾವ ಕಟ್ಟಡದಲ್ಲಿದೆ ಎಂದು ಹೇಳಬಹುದು.

ಕೇಸ್ ಸಂಖ್ಯೆ ಸಿಕ್ಕ ಕೂಡಲೇ ಅದನ್ನು ಫೋನಿನಲ್ಲಿ ಒಂದು ಕಡೆ, ಕಾಗದದಲ್ಲಿ ಒಂದು ಕಡೆ ಬರೆದಿಡಿ. ಅದಿಲ್ಲದೆ ಕ್ಲರ್ಕ್ ಕಚೇರಿ ಹುಡುಕಿಕೊಡುವುದಕ್ಕೆ ಕಾನೂನಿನಲ್ಲೇ 5 ಡಾಲರ್ ಶುಲ್ಕ ಇದೆ. ಹಣ ದೊಡ್ಡದಲ್ಲ, ಉತ್ತರ ಬರುವುದು ತಡವಾಗುತ್ತದೆ.

ಹೆಸರಿನಿಂದ ಹುಡುಕುವಾಗ

ಕೇಸ್ ಸಂಖ್ಯೆ ಸಿಗದಿದ್ದರೆ ಹೆಸರಿನಿಂದ ಹುಡುಕಬೇಕು. ಎರಡೂ ಕೌಂಟಿಗಳ ಜಾಲತಾಣದಲ್ಲಿ ಕೇಸ್ ಹುಡುಕುವ ಪುಟಗಳಿವೆ. ರಾಜ್ಯಮಟ್ಟದಲ್ಲಿ ರೀಸರ್ಚ್‌ಟಿಎಕ್ಸ್ ಎಂಬ ತಾಣವೂ ಇದೆ, ಖಾತೆ ತೆರೆದು ಹಲವು ಕೌಂಟಿಗಳನ್ನು ಒಟ್ಟಿಗೆ ನೋಡಬಹುದು. ಇವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೇಸಿನ ಸಂಖ್ಯೆ, ಪಕ್ಷಗಳ ಹೆಸರು, ಯಾವ ದಿನ ಏನಾಯಿತು ಎಂಬ ಪಟ್ಟಿ. ಕೌಟುಂಬಿಕ ಕೇಸಿನ ಒಳಗಿನ ಕಾಗದ ಸಾರ್ವಜನಿಕರಿಗೆ ಪರದೆಯ ಮೇಲೆ ತೆರೆಯದಿದ್ದರೆ ಅಚ್ಚರಿಪಡಬೇಡಿ. ಕೇಸ್ ಇದೆ ಎಂದು ಗೊತ್ತಾದರೆ ಈ ಹಂತದ ಕೆಲಸ ಮುಗಿದಂತೆ. ಪ್ರತಿಯನ್ನು ಕ್ಲರ್ಕ್ ಕಡೆಯಿಂದ ತರಿಸಿಕೊಳ್ಳೋಣ.

ನಮ್ಮ ಹೆಸರುಗಳೇ ಇಲ್ಲಿ ದೊಡ್ಡ ತೊಡಕು. ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದು, ಕೋರ್ಟಿನಲ್ಲೂ ಅದೇ ಮುಂದುವರಿದಿರುತ್ತದೆ. ಇಂಗ್ಲಿಷಿನಲ್ಲಿ ಗೌಡ ಎಂಬುದನ್ನು ಡಬ್ಲ್ಯು ಹಾಕಿ ಬರೆಯುವವರಿದ್ದಾರೆ, ಯು ಹಾಕಿ ಬರೆಯುವವರೂ ಇದ್ದಾರೆ. ಲಕ್ಷ್ಮಿಗೆ ಕೆಎಸ್‌ಎಚ್ ಇರಬಹುದು, ಎಕ್ಸ್ ಇರಬಹುದು. ಇನಿಷಿಯಲ್ ಬಿಡಿಸಿ ಪೂರ್ತಿ ಊರಿನ ಹೆಸರೇ ಕೊನೆಯ ಹೆಸರಾಗಿರುವುದೂ ಉಂಟು. ಆದ್ದರಿಂದ ಹೀಗೆ ಮಾಡಿ: ಇಬ್ಬರಲ್ಲಿ ಅಪರೂಪದ ಹೆಸರು ಯಾರದೋ ಅವರದನ್ನು ಮೊದಲು ಹುಡುಕಿ. ಮೊದಲ ಹೆಸರು, ಕೊನೆಯ ಹೆಸರು ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿ. ಆಗಿನ ಪಾಸ್‌ಪೋರ್ಟಿನಲ್ಲಿದ್ದ ಕಾಗುಣಿತವನ್ನೇ ಬಳಸಿ, ಈಗಿನದನ್ನಲ್ಲ. ಕೇಸಿನ ಶೀರ್ಷಿಕೆಯಲ್ಲಿ ಸಾಮಾನ್ಯವಾಗಿ ಅರ್ಜಿ ಹಾಕಿದವರ ಹೆಸರು ಮೊದಲು ಬರುತ್ತದೆ. ನಿಮ್ಮ ಸಂಗಾತಿ ಅರ್ಜಿ ಹಾಕಿದ್ದರೆ ನಿಮ್ಮ ಹೆಸರು ಎರಡನೆಯದು.

ಇಷ್ಟಾದರೂ ಸಿಗದಿದ್ದರೆ ಆಸ್ಟಿನ್‌ನಲ್ಲಿರುವ ರಾಜ್ಯ ಆರೋಗ್ಯ ಇಲಾಖೆಯ ವೈಟಲ್ ಸ್ಟಾಟಿಸ್ಟಿಕ್ಸ್ ವಿಭಾಗ ನೆರವಿಗೆ ಬರುತ್ತದೆ. ಅಲ್ಲಿ 1968ರಿಂದೀಚಿನ ವಿಚ್ಛೇದನಗಳ ಮತ್ತು 1966ರಿಂದೀಚಿನ ಮದುವೆಗಳ ರಾಜ್ಯವ್ಯಾಪಿ ಸೂಚಿಯಿದೆ. 20 ಡಾಲರ್ ಕಟ್ಟಿ ಅರ್ಜಿ ಹಾಕಿದರೆ ಅಂಥ ದಾಖಲೆ ಇದೆಯೇ ಎಂಬ ದೃಢೀಕರಣ ಪತ್ರ ಕೊಡುತ್ತಾರೆ. ಅದು ಡಿಕ್ರಿಗೆ ಬದಲಿಯಲ್ಲ, ಅದನ್ನು ಹಿಡಿದು ಮರುಮದುವೆಗೋ ಕೋರ್ಟಿಗೋ ಹೋಗಲಾಗದು. ಆದರೆ ವಿಚ್ಛೇದನ ಆದ ಕೌಂಟಿ ಯಾವುದೆಂದು ತಿಳಿಯಲು ಇದಕ್ಕಿಂತ ಖಚಿತವಾದ ದಾರಿ ಇನ್ನೊಂದಿಲ್ಲ. ಎರಡು ಕೌಂಟಿಯ ನಡುವೆ ಸಿಕ್ಕಿ ಒದ್ದಾಡುವವರಿಗೆ ಆ 20 ಡಾಲರ್ ವ್ಯರ್ಥವಲ್ಲ ಎಂದೇ ನಾನು ಹೇಳುತ್ತೇನೆ.

ಪ್ರತಿ ಕೇಳುವ ಪತ್ರ

ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಗೆ ಖುದ್ದು ಹೋಗಬಹುದು, ಅಂಚೆಯಲ್ಲೂ ಬರೆಯಬಹುದು. ಇಮೇಲ್ ಅಥವಾ ಜಾಲತಾಣದ ಅರ್ಜಿಯ ವಿವರ ಆಯಾ ಕೌಂಟಿಯ ಪುಟದಲ್ಲಿರುತ್ತದೆ. ವಿಚ್ಛೇದನದ ಡಿಕ್ರಿ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ, ಹಾಗಾಗಿ ನಿಮ್ಮ ಪರವಾಗಿ ಅಲ್ಲಿರುವ ನೆಂಟರೋ ಸ್ನೇಹಿತರೋ ಹೋಗಿ ತೆಗೆದುಕೊಂಡರೂ ನಡೆಯುತ್ತದೆ. ಹಳೆಯ ಸಂಗಾತಿಯ ಒಪ್ಪಿಗೆ ಬೇಕಾಗಿಲ್ಲ. ಇದನ್ನು ಎಷ್ಟೋ ಜನ ತಿಳಿದಿರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಪತ್ರದಲ್ಲಿ ಕೇಸ್ ಸಂಖ್ಯೆ, ಕೋರ್ಟಿನ ಸಂಖ್ಯೆ, ಇಬ್ಬರ ಹೆಸರು (ಆಗಿನ ಕಾಗುಣಿತದಲ್ಲಿ), ಡಿಕ್ರಿಯ ಅಂದಾಜು ದಿನಾಂಕ ಇರಲಿ. ಬೇಕಾಗಿರುವುದು ‘ಸರ್ಟಿಫೈಡ್ ಕಾಪಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಬರೀ ‘ಕಾಪಿ’ ಎಂದರೆ ಮುದ್ರೆಯಿಲ್ಲದ ನಕಲು ಬರುತ್ತದೆ. ದೃಢೀಕೃತ ಪ್ರತಿಯಲ್ಲಿ ಕ್ಲರ್ಕ್ ಕಚೇರಿಯ ಪ್ರಮಾಣವಾಕ್ಯ, ಸಹಿ, ದಿನಾಂಕ ಮತ್ತು ಮುದ್ರೆ ಇರುತ್ತವೆ. ಶುಲ್ಕ ಪುಟಕ್ಕೆ 1 ಡಾಲರ್. ಮಕ್ಕಳಿರುವ ಡಿಕ್ರಿಗಳು ಉದ್ದ, 40-50 ಪುಟ ದಾಟುವುದೂ ಇದೆ. ಹಣ ಕಳಿಸುವ ಮುಂಚೆ ಪುಟ ಎಷ್ಟಿದೆ, ಅಂಚೆ ವೆಚ್ಚ ಎಷ್ಟು ಎಂದು ಕೇಳಿಕೊಳ್ಳಿ. ಒಮ್ಮೆಲೇ ಎರಡು ಪ್ರತಿ ತರಿಸುವುದು ಮೇಲು. ಒಂದು ಯಾವುದೋ ಕಚೇರಿಯ ಕಡತದೊಳಗೆ ಸೇರಿಹೋಗುತ್ತದೆ.

ಮುದ್ರೆಯ ಪ್ರತಿ ಕೈಗೆ ಬಂದ ಮೇಲೆ ಅದರ ಪಿನ್ ಬಿಚ್ಚಬೇಡಿ. ಫೋಟೋಕಾಪಿ ಮಾಡಿಸಲೆಂದು ಅಂಗಡಿಯವರು ಪಿನ್ ಕಿತ್ತರೆ, ಪುಟ ಬದಲಾಗಿದೆಯೇನೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಪುಟ ಮಡಚಿಕೊಂಡೇ ಸ್ಕ್ಯಾನ್ ಮಾಡಿಸಿ.

ಹೆಸರು ಬದಲಾವಣೆಯಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಇಡೀ ಡಿಕ್ರಿಯನ್ನು ಎಲ್ಲರ ಮುಂದೆ ಬಿಚ್ಚಿಡಬೇಕಿಲ್ಲ. ಡಿಕ್ರಿಯಲ್ಲಿ ಹಳೆಯ ಹೆಸರು ಮರಳಿ ಕೊಟ್ಟಿದ್ದರೆ ಡಿಸ್ಟ್ರಿಕ್ಟ್ ಕ್ಲರ್ಕ್‌ಗೆ 10 ಡಾಲರ್ ಕಟ್ಟಿ ‘ಚೇಂಜ್ ಆಫ್ ನೇಮ್ ಸರ್ಟಿಫಿಕೇಟ್’ ಪಡೆಯಬಹುದು. ಬ್ಯಾಂಕಿನ ಕೌಂಟರಿನಲ್ಲಿ ಕೂತವರು ನಿಮ್ಮ ಸಂಸಾರದ ಕಥೆಯನ್ನೆಲ್ಲ ಓದುವುದು ಇದರಿಂದ ತಪ್ಪುತ್ತದೆ. ಹೆಣ್ಣುಮಕ್ಕಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಕಡತದಲ್ಲಿ ಎಲ್ಲವೂ ಇರುತ್ತದೆ ಎಂದುಕೊಳ್ಳಬೇಡಿ. ಆಸ್ತಿ ಹಂಚಿಕೆಯ ಒಪ್ಪಂದವನ್ನು ಕೆಲವರು ಕೋರ್ಟಿಗೆ ಸಲ್ಲಿಸದೆ ತಮ್ಮಲ್ಲೇ ಇಟ್ಟುಕೊಂಡು, ಡಿಕ್ರಿಯಲ್ಲಿ ಅದರ ಉಲ್ಲೇಖ ಮಾತ್ರ ಮಾಡಿರುತ್ತಾರೆ. ಅದಕ್ಕೆ ಆಗಿನ ವಕೀಲರನ್ನೇ ಕೇಳಬೇಕು. ನಿವೃತ್ತಿ ನಿಧಿ ಹಂಚಿಕೆಯ ಆದೇಶ ಡಿಕ್ರಿಗಿಂತ ಬೇರೆ ಕಾಗದ. ಬೇಕಿದ್ದರೆ ಹೆಸರು ಹಿಡಿದು ಕೇಳಿ, ಅದಕ್ಕೆ ‘ಕ್ವಾಡ್ರೊ’ ಎನ್ನುತ್ತಾರೆ. ದತ್ತು ಪ್ರಕರಣದ ಕಡತಕ್ಕೆ ಬೀಗ. ಕೋರ್ಟಿನ ಅನುಮತಿ ಇಲ್ಲದೆ ಹೆತ್ತವರಿಗೂ ಸಾಕಿದವರಿಗೂ ತೆರೆಯುವುದಿಲ್ಲ. ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ, ಬ್ಯಾಂಕ್ ಖಾತೆ, ಮಕ್ಕಳ ಜನ್ಮದಿನ ಇಂಥವನ್ನು ಸಲ್ಲಿಸುವ ಮುನ್ನ ಮರೆಮಾಡಬೇಕೆಂಬ ನಿಯಮವಿದೆ. ಹಳೆಯ ಕಡತಗಳಲ್ಲಿ ಹಾಗೇ ಉಳಿದಿರಬಹುದು, ಯಾರಿಗಾದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಮುನ್ನ ಒಮ್ಮೆ ಓದಿ.

ಮಗು ಗಡಿ ದಾಟಿದ್ದರೆ

ಮಕ್ಕಳಿರುವ ಕೇಸುಗಳಿಗೆ ಒಂದು ವಿಶೇಷವಿದೆ. ಡಿಕ್ರಿ ಕೊಟ್ಟ ಕೋರ್ಟಿಗೇ ಆ ಮಗುವಿನ ವಿಷಯದಲ್ಲಿ ಮುಂದೆಯೂ ಅಧಿಕಾರ ಇರುತ್ತದೆ. ಆದರೆ ಮಗು ಬೇರೆ ಕೌಂಟಿಯಲ್ಲಿ 6 ತಿಂಗಳೋ ಅದಕ್ಕಿಂತ ಹೆಚ್ಚೋ ವಾಸವಾಗಿದ್ದು, ಆದೇಶ ಬದಲಿಸಬೇಕೆಂಬ ಅಥವಾ ಜಾರಿ ಮಾಡಬೇಕೆಂಬ ಹೊಸ ಅರ್ಜಿ ಬಿದ್ದಾಗ ಒಬ್ಬ ಪಕ್ಷಗಾರರು ಸಮಯಕ್ಕೆ ಸರಿಯಾಗಿ ಕೇಳಿದರೆ ಕೋರ್ಟು ಕೇಸನ್ನು ಆ ಕೌಂಟಿಗೆ ವರ್ಗಾಯಿಸಬೇಕು. ಫ್ರಿಸ್ಕೋದಲ್ಲಿ ಇದಕ್ಕೆ ಊರು ಬಿಡಬೇಕಾಗಿಯೇ ಇಲ್ಲ. ಅದೇ ಊರಿನಲ್ಲಿ, ಅದೇ ಶಾಲಾ ಜಿಲ್ಲೆಯಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಿಸಿದರೂ ಕೌಂಟಿ ಬದಲಾಗಿರಬಹುದು.

ಆಗ 2016ರ ಮೂಲ ಡಿಕ್ರಿ ಕಾಲಿನ್‌ನಲ್ಲಿ ಕಾಣುತ್ತದೆ, 2021ರ ಬದಲಾದ ಕಸ್ಟಡಿ ಆದೇಶ ಡೆಂಟನ್‌ನಲ್ಲಿ ಬೇರೆ ಸಂಖ್ಯೆಯಲ್ಲಿ ಇರುತ್ತದೆ. ಮಗುವಿನ ಪಾಸ್‌ಪೋರ್ಟಿಗೆ ಹಳೆಯ ಡಿಕ್ರಿ ಕೊಟ್ಟು, ಈಗ ಜಾರಿಯಲ್ಲಿರುವ ಆದೇಶ ಬೇರೆಯೇ ಇದ್ದರೆ ತೊಂದರೆ. ಆದ್ದರಿಂದ ಡಿಕ್ರಿಯ ಜೊತೆಗೆ ಕೇಸಿನ ಘಟನಾಪಟ್ಟಿಯನ್ನೂ ಕೇಳಿ ಪಡೆಯಿರಿ. ಅದರ ಕೊನೆಯಲ್ಲಿ ‘ಟ್ರಾನ್ಸ್‌ಫರ್’ ಎಂಬ ನಮೂದು ಕಂಡರೆ ಇನ್ನೊಂದು ಕೌಂಟಿಗೂ ಬರೆಯಬೇಕು. ಅನುಮಾನ ಉಳಿದರೆ, ಆ ಮಗುವಿನ ವಿಷಯದಲ್ಲಿ ಕೊನೆಯದಾಗಿ ಅಧಿಕಾರ ಹೊಂದಿದ್ದ ಕೋರ್ಟ್ ಯಾವುದು ಎಂದು ಮೇಲೆ ಹೇಳಿದ ವೈಟಲ್ ಸ್ಟಾಟಿಸ್ಟಿಕ್ಸ್ ವಿಭಾಗವೇ ತಿಳಿಸುತ್ತದೆ. ಕೇಸಿನ ಪಕ್ಷಗಾರರು, ವಕೀಲರು ಅಥವಾ ಕೋರ್ಟು ಲಿಖಿತವಾಗಿ ಕೇಳಬೇಕು.

ಕಾಗದ ಕರ್ನಾಟಕಕ್ಕೆ ಹೋಗುವುದಿದ್ದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಊರಿಗೆ ಬರೀ ಡಿಕ್ರಿ ತಂದವರು ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದ ಕೌಟುಂಬಿಕ ನ್ಯಾಯಾಲಯದಲ್ಲಿ ‘ಬೇರೆ ಕಾಗದ ಎಲ್ಲಿ’ ಎಂಬ ಪ್ರಶ್ನೆ ಎದುರಿಸಬೇಕಾಗಬಹುದು.

ವಿದೇಶಿ ತೀರ್ಪನ್ನು ಭಾರತದ ಕೋರ್ಟುಗಳು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನ ಮೇಲೆ ತೂಗುತ್ತವೆ. 1991ರಲ್ಲಿ ಸುಪ್ರೀಂ ಕೋರ್ಟು ಅಮೆರಿಕದ ಮಿಸ್ಸೂರಿ ರಾಜ್ಯದ ಕೋರ್ಟು ಕೊಟ್ಟಿದ್ದ ವಿಚ್ಛೇದನವನ್ನು ಮಾನ್ಯ ಮಾಡಲಿಲ್ಲ. ದಂಪತಿ ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನಿನಲ್ಲಿರುವ ಕಾರಣಕ್ಕೇ ವಿಚ್ಛೇದನ ಆಗಿರಬೇಕು, ಎದುರು ಪಕ್ಷದವರು ಸ್ವಇಚ್ಛೆಯಿಂದ ಆ ಕೋರ್ಟಿಗೆ ಒಳಪಟ್ಟು ಭಾಗವಹಿಸಿರಬೇಕು ಅಥವಾ ವಿಚ್ಛೇದನಕ್ಕೆ ಒಪ್ಪಿರಬೇಕು ಎಂಬ ಸೂತ್ರಗಳನ್ನು ಅದು ಹಾಕಿಕೊಟ್ಟಿತು. ಡಿಕ್ರಿಯ ಫೋಟೋಕಾಪಿ ಸಾಲದು ಎಂಬ ಮಾತೂ ಅದೇ ಪ್ರಕರಣದಲ್ಲಿ ಬಂದಿದೆ. ಟೆಕ್ಸಾಸ್‌ನಲ್ಲಿ ಬಹುಪಾಲು ವಿಚ್ಛೇದನಗಳು ‘ಇನ್ನು ಹೊಂದಿ ಬಾಳಲಾಗದು’ ಎಂಬ, ಯಾರ ತಪ್ಪನ್ನೂ ಎತ್ತದ ಆಧಾರದ ಮೇಲೆ ಆಗುತ್ತವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದಕ್ಕೆ ಹತ್ತಿರವಾದದ್ದು ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅಂದರೆ 13ಬಿ ಕಲಮು. ಹಾಗಾಗಿ ಇಬ್ಬರೂ ಒಪ್ಪಿದ್ದರು ಅಥವಾ ಇಬ್ಬರೂ ಕೋರ್ಟಿಗೆ ಬಂದಿದ್ದರು ಎಂದು ತೋರಿಸುವ ಕಾಗದಕ್ಕೆ ಇಲ್ಲಿ ಡಿಕ್ರಿಯಷ್ಟೇ ಬೆಲೆ.

ಆದ್ದರಿಂದ ಕ್ಲರ್ಕ್‌ಗೆ ಬರೆಯುವಾಗಲೇ ಡಿಕ್ರಿಯ ಜೊತೆ ಈ ಕಾಗದಗಳ ದೃಢೀಕೃತ ಪ್ರತಿಯನ್ನೂ ಕೇಳಿ: ಮೂಲ ಅರ್ಜಿ, ಎದುರು ಪಕ್ಷದವರಿಗೆ ನೋಟಿಸ್ ತಲುಪಿದ ವರದಿ ಅಥವಾ ನೋಟಿಸ್ ಬೇಡವೆಂದು ಅವರೇ ಸಹಿ ಹಾಕಿದ ‘ವೇವರ್ ಆಫ್ ಸರ್ವಿಸ್’, ಅವರು ಸಲ್ಲಿಸಿದ ಉತ್ತರ, ಘಟನಾಪಟ್ಟಿ. ಡಿಕ್ರಿಯ ಕೊನೆಯ ಪುಟಗಳಲ್ಲಿ ಇಬ್ಬರ ಸಹಿಯೂ ಇದೆಯೇ ನೋಡಿಕೊಳ್ಳಿ. ‘ಮೇಲ್ಮನವಿ ಆಗಿಲ್ಲ ಎಂದು ತೋರಿಸಿ’ ಎಂದು ಬೆಂಗಳೂರಿನ ವಕೀಲರು ಕೇಳಿದರೆ ಘಟನಾಪಟ್ಟಿಯೇ ಕೆಲಸಕ್ಕೆ ಬರುತ್ತದೆ. ಇವೆಲ್ಲ ಸೇರಿದರೂ ಹೆಚ್ಚಾಗುವುದು ಕೆಲವು ಡಾಲರ್. ಎರಡನೇ ಸಲ ಬರೆದು ಕಾಯುವುದಕ್ಕೆ ಹೋಲಿಸಿದರೆ ಏನೂ ಅಲ್ಲ.

ಮುಂದಿನದು ಅಪೋಸ್ಟಿಲ್, ಅಂದರೆ ಒಂದು ದೇಶದ ದಾಖಲೆಯ ಸಹಿ, ಮುದ್ರೆ ಅಸಲಿ ಎಂದು ಇನ್ನೊಂದು ದೇಶಕ್ಕೆ ತೋರಿಸುವ ಪ್ರಮಾಣಪತ್ರ. ಅಮೆರಿಕ, ಭಾರತ ಎರಡೂ ಹೇಗ್ ಅಪೋಸ್ಟಿಲ್ ಒಪ್ಪಂದದಲ್ಲಿವೆ, ಭಾರತ 2005ರಿಂದ. ಡಿಸ್ಟ್ರಿಕ್ಟ್ ಕ್ಲರ್ಕ್ ಮುದ್ರೆಯಿರುವ ಪ್ರತಿಯನ್ನು ಆಸ್ಟಿನ್‌ನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಅರ್ಜಿ ನಮೂನೆ 2102 ಜೊತೆ ಕಳಿಸಬೇಕು. ಯಾವ ದೇಶದಲ್ಲಿ ಬಳಸುತ್ತೀರಿ ಎಂಬಲ್ಲಿ ಭಾರತ ಎಂದು ತುಂಬಿ. ಶುಲ್ಕ ಒಂದು ದಾಖಲೆಗೆ 15 ಡಾಲರ್. ಕಾಗದ ವಾಪಸ್ ಬರಲು ಹಣ ಕಟ್ಟಿದ ಲಕೋಟೆ ಇಡುವುದನ್ನು ಮರೆಯಬೇಡಿ. ಹತ್ತು ವರ್ಷ ಹಿಂದೆ ಪಡೆದು ಬೀರುವಿನಲ್ಲಿಟ್ಟ ಪ್ರತಿಯನ್ನು ಕಳಿಸುವುದಕ್ಕಿಂತ ಹೊಸದಾಗಿ ಪ್ರತಿ ಪಡೆದು ಕಳಿಸುವುದು ಒಳ್ಳೆಯದು. ಕೌಂಟಿ ಯಾವುದಾದರೂ ಈ ಹಂತ ಒಂದೇ, ಕಾಲಿನ್ ಮತ್ತು ಡೆಂಟನ್ ಎರಡರ ಕಾಗದವೂ ಆಸ್ಟಿನ್‌ಗೇ ಹೋಗುತ್ತದೆ. ಅಪೋಸ್ಟಿಲ್ ಆದ ಮೇಲೆ ಹ್ಯೂಸ್ಟನ್‌ನ ಭಾರತೀಯ ದೂತಾವಾಸದ ಇನ್ನೊಂದು ಮುದ್ರೆ ಬೇಕಿಲ್ಲ.

ಅಪೋಸ್ಟಿಲ್ ದೃಢೀಕರಿಸುವುದು ಸಹಿ ಮತ್ತು ಮುದ್ರೆಯನ್ನು ಮಾತ್ರ. ಆ ವಿಚ್ಛೇದನ ಭಾರತದಲ್ಲಿ ನಡೆಯುತ್ತದೆಯೇ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಒಬ್ಬರು ಒಪ್ಪದೆ, ಕೋರ್ಟಿಗೆ ಬಾರದೆ ಏಕಪಕ್ಷೀಯವಾಗಿ ಆದ ಡಿಕ್ರಿ ನಿಮ್ಮದಾಗಿದ್ದರೆ ಮರುಮದುವೆಯ ಮಾತುಕತೆಗೆ ಮುಂಚೆ ಊರಿನ ಕೌಟುಂಬಿಕ ವಕೀಲರಿಗೆ ಇಡೀ ಕಡತ ತೋರಿಸಿ. ಅಂದಹಾಗೆ, ಟೆಕ್ಸಾಸ್‌ನಲ್ಲೂ ಡಿಕ್ರಿ ಆದ 30 ದಿನದೊಳಗೆ ಬೇರೆಯವರನ್ನು ಮದುವೆಯಾಗುವಂತಿಲ್ಲ. 31ನೇ ದಿನದಿಂದ ಆಗಬಹುದು.

ಬೆಂಗಳೂರಿನಿಂದಲೇ ಇಷ್ಟನ್ನೂ ಮಾಡಿಸುವವರು ಕ್ರಮ ತಪ್ಪಿಸಬೇಡಿ. ಮೊದಲು ಕ್ಲರ್ಕ್‌ನಿಂದ ಪ್ರತಿ ಫ್ರಿಸ್ಕೋದ ನಂಬಿಕಸ್ಥರ ವಿಳಾಸಕ್ಕೆ ಬರಲಿ. ಅವರು ಪುಟಗಳನ್ನೆಲ್ಲ ಎಣಿಸಿ, ಮುದ್ರೆ ನೋಡಿ, ಹೆಸರಿನ ಕಾಗುಣಿತವನ್ನು ಪಾಸ್‌ಪೋರ್ಟಿನ ಜೊತೆ ಹೋಲಿಸಿ ಫೋಟೋ ಕಳಿಸಲಿ. ನೀವು ಸರಿ ಎಂದ ಮೇಲೆ ಆಸ್ಟಿನ್‌ಗೆ ಹೋಗಲಿ. ಕಾಗುಣಿತದ ತಪ್ಪು ಡಿಕ್ರಿಯಲ್ಲೇ ಇದ್ದರೆ ಅದನ್ನು ಕ್ಲರ್ಕ್ ತಿದ್ದಲಾರರು, ಆದೇಶ ಕೊಟ್ಟ ಕೋರ್ಟಿನಿಂದಲೇ ತಿದ್ದುಪಡಿ ಆದೇಶ ತರಬೇಕು. ಅದನ್ನು ಅಪೋಸ್ಟಿಲ್‌ಗೆ ಮುಂಚೆಯೇ ಮುಗಿಸಿಕೊಳ್ಳಿ.